ಮನೆಗೊಂದು ಫಾಂಟು

ಕಳೆದ ಭಾನುವಾರ ನನ್ನ ಹೆಂಡತಿ ಸುನಂದಾ ಕಪಾಟಿನ ಡ್ರಾಯರನ್ನು ಎಳೆದು ನೆಲದ ಮೇಲೆ ಬೋರಲು ಹಾಕಿದಳು. ಒಣಗಿದ ಎರಡು ಪೆನ್ನು, ಯಾವುದೋ ರೇಡಿಯೊದ ಗುಂಡಿ, ನನ್ನ ಹಳೆಯ ಕನ್ನಡಕದ ಒಂದು ಕಾಲು ಮತ್ತು ಮೂರು ಕೀಲಿಕೈಗಳು ಬಿದ್ದವು.

"ಇದರಾಗ ಯಾವ ಚಾವಿ ಒಗೀಲಿರಿ?" ಎಂದಳು.

"ಯಾವುದೂ ಒಗೀಬ್ಯಾಡ."

"ಯಾವುದು ಯಾತರದ್ದು ಅಂತರೆ ಹೇಳ್ರಿ."

ಅದನ್ನೇ ಹೇಳಲು ಬರುವಂತಿರಲಿಲ್ಲ. ಆ ಮೂರರಲ್ಲಿ ಒಂದು ಚಿಂತಾಕಿಯ ನನ್ನ ಅಕ್ಕನ ಮನೆಯದು. ಅಕ್ಕ ಮತ್ತು ಭಾವ ಮೂರು ವರ್ಷದ ನಂತರ ಹೈದರಾಬಾದಿನಿಂದ ಊರಿಗೆ ಮರಳುವವರಿದ್ದರು. ಗುರುವಾರ ನಾವಿರುವ ಬೀದರದಲ್ಲಿ ಇಳಿದು, ನನ್ನ ಕೈಯಿಂದ ಕೀಲಿಕೈ ಇಸಿದುಕೊಂಡು ಮುಂದಿನ ಬಸ್ಸು ಹಿಡಿಯುವುದೆಂದು ಮಾತಾಗಿತ್ತು. ನಾನು ಮೂರನ್ನೂ ಅಂಗೈಯಲ್ಲಿ ಇಟ್ಟುಕೊಂಡು ನೋಡಿದೆ. ಮೂರೂ ಕೀಲಿಕೈಗಳೇ ಆಗಿದ್ದವು. ಅದಕ್ಕಿಂತ ಹೆಚ್ಚಿನದೇನೂ ತಿಳಿಯಲಿಲ್ಲ. ಭಾಲ್ಕಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಎರಡು ಬಿಳಿ ಪುಡಿಗಳಲ್ಲಿ ಯಾವುದು ಯಾವುದೆಂದು ಗುರುತಿಸುವುದು ಹೇಗೆ ಎಂದು ಮಕ್ಕಳಿಗೆ ವರ್ಷಕ್ಕೊಮ್ಮೆ ಹೇಳಿಕೊಡುತ್ತೇನೆ.

ಬೇಡದ ಕೀಲಿಕೈಗಳನ್ನು ಇಟ್ಟುಕೊಳ್ಳುವುದು ನಮ್ಮ ಮನೆಯ ಪದ್ಧತಿ. ನನ್ನ ಸ್ಕೂಟರಿನ ಕೀಲಿಕೈ ಜೊತೆಗೇ ಇನ್ನೊಂದು ನೇತಾಡುತ್ತದೆ, ಅದು ನಮ್ಮ ಕಂಪ್ಯೂಟರ್ ಮೇಜಿನದು. ಕಂಪ್ಯೂಟರೂ ಮೇಜೂ ಮನೆ ಬಿಟ್ಟು ಎರಡು ವರ್ಷವಾಯಿತು. ಅದನ್ನು ತೆಗೆಯಬೇಕೆಂದು ಆಗಾಗ ಅಂದುಕೊಳ್ಳುತ್ತೇನೆ. ಉಂಗುರ ಬಿಗಿಯಾಗಿದೆ, ಉಗುರು ನೋಯುತ್ತದೆ, ಬಿಟ್ಟುಬಿಡುತ್ತೇನೆ. ಕಂಪ್ಯೂಟರಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಈ ಕೀಲಿಕೈಗಳ ರಗಳೆ ಶುರುವಾದದ್ದೇ ಅದರಿಂದ.

ಭಾಲ್ಕಿಯಲ್ಲಿ ನಮ್ಮ ಶಾಲೆಯ ಎದುರಿಗೆ ವೈಜಿನಾಥಪ್ಪ ಎಂಬುವರು ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ ಇಟ್ಟಿದ್ದಾರೆ. ಅವರು ಹೊಸ ಯಂತ್ರ ತಂದಾಗ ಹಳೆಯದು ನನ್ನ ಪಾಲಿಗೆ ಬಂತು. ಲಗ್ನಪತ್ರಿಕೆ ಮಾಡಿ ಮಾಡಿ ಸವೆದ ಕಂಪ್ಯೂಟರ್ ಅದು. ನಮ್ಮ ಸೀಮೆಯಲ್ಲಿ ಹುಡುಗಿಯ ಕಡೆಯವರು ಕಮಲನಗರದವರಾದರೆ ಮರಾಠಿ ಬೇಕು, ಬೀದರ ಕೋಟೆಯೊಳಗಿನ ಮನೆತನವಾದರೆ ಉರ್ದು ಬೇಕು, ಎಲ್ಲರಿಗೂ ಬೇರೆಯವರ ಪತ್ರಿಕೆಯಲ್ಲಿ ಇಲ್ಲದ ಅಕ್ಷರ ಬೇಕು. ಹೀಗಾಗಿ ಅದರ ಹೊಟ್ಟೆಯಲ್ಲಿ ನೂರಾರು ಫಾಂಟುಗಳಿದ್ದವು. ದಪ್ಪನೆಯವು, ಸಪೂರದವು, ಹೂಬಳ್ಳಿ ಸುತ್ತಿಕೊಂಡವು, ಮುಂದಕ್ಕೆ ಬಾಗಿ ನಮಸ್ಕಾರ ಮಾಡುವಂಥವು. ನಾನು ಮನೆಗೆ ತಂದ ದಿನ ಎಲ್ಲದರಲ್ಲೂ ನನ್ನ ಹೆಸರು ಬರೆದು ನೋಡಿದೆ. ಆಮೇಲೆ ಅವುಗಳಿಂದ ಮಾಡುವುದೇನೆಂದು ತಿಳಿಯದೆ ಕುಳಿತೆ.

ಕೆಲಸವನ್ನು ಅಕ್ಕ ಕೊಟ್ಟಳು. ಅಥವಾ ಅವಳು ಕೊಟ್ಟಳೆಂದು ನಾನು ತಿಳಿದುಕೊಂಡೆ.

ಅಕ್ಕ ಚಿಂತಾಕಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಗಿರಣಿ ಭಾವನ ಹೆಸರಿನಲ್ಲಿತ್ತು, ನಡೆಸುವವಳು ಅಕ್ಕ. ಮಳೆ ಹೋದ ಮೊದಲ ವರ್ಷ ಅವಳ ಓಣಿಯ ಮಂದಿ ಒಬ್ಬೊಬ್ಬರಾಗಿ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ, ಪುಣೆಗೆ ಹೋದರು. ಹೋಗುವಾಗ ಮನೆಗೆ ಕೀಲಿ ಜಡಿದು ಕೀಲಿಕೈಯನ್ನು ಗಿರಣಿಯಲ್ಲಿ ಕೊಟ್ಟು ಹೋದರು. ಬೇರೆಲ್ಲಿ ಕೊಡಬೇಕು? ಗಿರಣಿಯಲ್ಲಾದರೆ ಯಾವಾಗಲೂ ಯಾರಾದರೂ ಇರುತ್ತಾರೆ. ಹೋಗುವವರು ಬಸ್ಸು ನಿಲ್ಲುವ ಹೊತ್ತಿಗೆ ಗಿರಣಿಯ ಕಟ್ಟೆಗೆ ಬಂದು, "ಅಕ್ಕೋರೆ, ಮನಿ ಕಡಿ ನಿಗಾ ಇರ್ಲಿರಿ," ಎಂದು ಕೈಯಲ್ಲಿ ಇಟ್ಟುಬಿಡುತ್ತಿದ್ದರು. ಹದಿನೇಳು ಮನೆಗಳ ಕೀಲಿಕೈಗಳು ಹಿಟ್ಟು ಬೀಳುವ ಡಬ್ಬದ ಮೇಲಿನ ಮೊಳೆಗೆ ನೇತುಬಿದ್ದವು. ಆ ಮನೆಗಳ ಒಳಗೆ ಬಿತ್ತನೆಯ ಕಾಳು, ಪಾತ್ರೆಪಡಗ, ಲಗ್ನದ ಸೀರೆ ಇದ್ದ ಪೇಟಿ, ಎಲ್ಲ ಇದ್ದವು.

ಗುರುತಿಗೆಂದು ಅಕ್ಕ ಒಂದೊಂದಕ್ಕೂ ಒಂದೊಂದು ಬಣ್ಣದ ದಾರ ಕಟ್ಟಿದ್ದಳು. ನಾನು ಹೋದಾಗ ಹಿಟ್ಟು ಹಾರಿ ಹಾರಿ ಎಲ್ಲ ದಾರಗಳೂ ಬೆಳ್ಳಗಾಗಿದ್ದವು.

"ನೋಡು, ಎಲ್ಲ ಒಂದೇ ಆಗ್ಯಾವ," ಎಂದು ಅಕ್ಕ ನಕ್ಕಳು. "ಒಬ್ಬರದು ಒಬ್ಬರಿಗಿ ಕೊಟ್ಟೆ ಅಂದ್ರ ಮುಗೀತು. ಊರಾಗ ಮಾರಿ ಹ್ಯಾಂಗ ತೋರಿಸ್ಲಿ?"

ನನಗೆ ಅಷ್ಟೇ ಸಾಕಾಯಿತು. ಹೆಸರಿನ ಚೀಟಿ ಅಚ್ಚು ಮಾಡಿ, ಮೇಲೆ ಪ್ಲಾಸ್ಟಿಕ್ ಅಂಟಿಸಿ, ಕಟ್ಟಿಬಿಡೋಣ ಎಂದೆ. ಹೇಳಿದ ಮೇಲೆ ನೆನಪಾಯಿತು, ಅಕ್ಕನಿಗೆ ಓದಲು ಬರುವುದಿಲ್ಲ.

ಅದು ಮರೆಯುವಂಥ ಸಂಗತಿಯಲ್ಲ. ಅವಳಿಗೆ ಓದಲು ಬರದಿರುವುದಕ್ಕೆ ಕಾರಣ ನಾನೇ. ಅವ್ವ ಹೊಲಕ್ಕೆ ಹೋದರೆ ನನ್ನನ್ನು ಎತ್ತಿಕೊಂಡು ತಿರುಗುವ ಕೆಲಸ ಅವಳದಾಗಿತ್ತು. ನಾನು ಸಾಲಿಗೆ ಹೋಗುವಷ್ಟು ದೊಡ್ಡವನಾದಾಗ ಅವಳು ನನ್ನ ಪಾಟಿ ಹಿಡಿದು ಬಾಗಿಲವರೆಗೆ ಬಿಟ್ಟು, ಸಾಲಿ ಬಿಡುವವರೆಗೆ ಹೊರಗಿನ ಬೇವಿನ ಗಿಡದ ಕೆಳಗೆ ಕೂಡುತ್ತಿದ್ದಳು. ಇವಳನ್ನೂ ಒಳಗೆ ಕಳಿಸಿ ಎಂದು ಮಾಸ್ತರು ಒಮ್ಮೆ ಅಪ್ಪನಿಗೆ ಹೇಳಿದ್ದರಂತೆ. ಅಷ್ಟು ಹೊತ್ತಿಗೆ ನನ್ನ ಬೆನ್ನಿಗೆ ತಂಗಿ ಹುಟ್ಟಿದ್ದಳು. ನನ್ನ ಎರಡು ಡಿಗ್ರಿಗಳ ಪ್ರಮಾಣಪತ್ರ ಗೋಡೆಯ ಮೇಲಿವೆ. ಅವುಗಳನ್ನು ನೋಡಿದಾಗ ಒಮ್ಮೊಮ್ಮೆ ಖುಷಿಯಾಗುವುದಿಲ್ಲ.

ಇರಲಿ. ಚೀಟಿಯ ಸಮಸ್ಯೆಗೆ ಬಸ್ಸಿನಲ್ಲಿ ಬರುವಾಗ ಸಂತಪುರ ದಾಟುವಷ್ಟರಲ್ಲಿ ಪರಿಹಾರ ಹೊಳೆಯಿತು. ಮನೆಗೊಂದು ಫಾಂಟು. ಹೆಸರು ಓದುವವರು ಹೆಸರು ಓದಲಿ, ಅಕ್ಕ ಅಕ್ಷರದ ಆಕಾರ ನೋಡಿ ಗುರುತಿಸಲಿ. ಎತ್ತು, ಬಾವಿ, ಬೇವಿನ ಗಿಡದ ಚಿತ್ರ ಬರೆದುಕೊಟ್ಟಿದ್ದರೆ ಆಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ಸುನಂದಾಳೂ ಕೇಳಿದಳು. ಮನೆಯಲ್ಲಿ ಪೆನ್ಸಿಲ್ ಇತ್ತು ಎನ್ನುವುದೂ ನಿಜ. ಆದರೆ ನಾನು ಕಂಪ್ಯೂಟರ್ ತಂದಿದ್ದೆ.

ತುಕಾರಾಮನ ಮನೆಗೆ ದಪ್ಪ ಅಕ್ಷರ, ಇಸ್ಮಾಯಿಲ್ ಸಾಬರ ಮನೆಗೆ ಬಾಗಿದ ಅಕ್ಷರ, ಘಾಳೆಪ್ಪನ ಮನೆಗೆ ಹೂಬಳ್ಳಿ ಅಕ್ಷರ. ಹೀಗೆ ಹದಿನೇಳು ಹೆಸರು, ಹದಿನೇಳು ಫಾಂಟು. ಅಕ್ಕ ಚೀಟಿಗಳನ್ನು ಒಂದೊಂದಾಗಿ ಹಿಡಿದು ನೋಡಿ, "ಇದು ದಪ್ಪಂದು, ಇದು ನಡು ಬಾಗಿದ್ದು, ಇದು ಬಾಲಿಂದು," ಎಂದು ತಾನೇ ಹೆಸರಿಟ್ಟಳು. ಗಿರಣಿಗೆ ಬಂದವರಿಗೆಲ್ಲ, "ನಮ್ಮ ತಮ್ಮ ಕಂಪ್ಯೂಟರಿನಾಗ ಬರದಾನ," ಎಂದು ತೋರಿಸಿದಳು. ನನಗೆ ತಡೆಯಲಾರದಷ್ಟು ಖುಷಿಯಾಯಿತು. ಅಕ್ಕನಿಗೆ ನಾನು ಕೊನೆಗೂ ಒಂದು ಉಪಕಾರ ಮಾಡಿದೆನೆಂದು ಅನಿಸಿತ್ತು.

ಒಂದು ತಿಂಗಳಾಗುವಷ್ಟರಲ್ಲಿ ಎದುರಿನ ಅಂಗಡಿಯ ಫೋನಿನಿಂದ ಅಕ್ಕ ಮಾತಾಡಿದಳು. "ತಮ್ಮಾ, ಆ ಬಾಲಿಂದು ಜರಾ ಹರದದ ನೋಡು. ಇನ್ನೆರಡು ಎಣ್ಣಿ ಕುಡಿದಾವ. ಹೊಸಾವು ಬೇಕಲ್ಲ." ನಾನು ಅಚ್ಚು ಮಾಡಿಕೊಂಡು ಹೋದೆ. ಮುಂದಿನ ತಿಂಗಳು ಮತ್ತೆ ಫೋನು ಬಂತು. ಹಿಟ್ಟು, ಎಣ್ಣೆ, ಬೆವರು ಇರುವ ಜಾಗದಲ್ಲಿ ಚೀಟಿ ಎಷ್ಟು ದಿನ ಬಾಳೀತು ಎಂದು ನಾನೂ ಒಪ್ಪಿಕೊಂಡೆ. ತಿಂಗಳಿಗೊಂದು ರವಿವಾರ ಚಿಂತಾಕಿಗೆ ಹೋಗುವುದು, ಚೀಟಿ ಕಟ್ಟುವುದು, ಅಕ್ಕ ಮಾಡಿದ ರೊಟ್ಟಿ ಪುಂಡಿಪಲ್ಯ ಉಣ್ಣುವುದು, ಸಂಜೆಯ ಬಸ್ಸಿಗೆ ಮರಳುವುದು ರೂಢಿಯಾಯಿತು. ಅದಕ್ಕೆ ಮೊದಲು ನಾನು ವರ್ಷಕ್ಕೆ ಎರಡು ಸಲ ಹೋಗುತ್ತಿದ್ದೆ.

ಎರಡನೆಯ ವರ್ಷವೂ ಮಳೆ ಬರಲಿಲ್ಲ. ಆದರೂ ಎಳ್ಳಮಾಸಿಯ ಅಮಾವಾಸ್ಯೆಯಂದು ಹೊಲಕ್ಕೆ ಹೋಗಿ ಪೂಜೆ ಮಾಡದೆ ಇರಲಾಗದು ಎಂದು ಹೊರಗೆ ಹೋದವರು ಬರುವುದಾಗಿ ಸುದ್ದಿ ಕಳಿಸಿದರು. ಹೊಲದಲ್ಲಿ ಬೆಳೆ ಇಲ್ಲದಿದ್ದರೂ ಹೊಲ ಇತ್ತಲ್ಲ. ಹೈದರಾಬಾದಿನವರೂ ಪುಣೆಯವರೂ ಹಬ್ಬದ ಹಿಂದಿನ ದಿನ ಮಧ್ಯಾಹ್ನದ ಬಸ್ಸಿಗೆ ಒಟ್ಟಿಗೆ ಇಳಿಯುವವರಿದ್ದರು. ಅಕ್ಕ ಫೋನು ಮಾಡಿ, "ಎಲ್ಲಾ ಚೀಟಿ ಹಾಳಾಗ್ಯಾವ, ಹಬ್ಬಕ್ಕ ಹೊಸಾವು ತೊಗೊಂಡು ಬಾ," ಎಂದಳು. ಹಬ್ಬಕ್ಕೆ ಇನ್ನು ಒಂದು ವಾರವಿತ್ತು. ನಾನು ಚೀಟಿಯ ಕಡತ ತೆರೆದೆ. ಪರದೆ ನೀಲಿಯಾಯಿತು.

ಮೊದಲು ಆರಿಸಿ ಹಚ್ಚಿದೆ. ಮತ್ತೆ ನೀಲಿ. ಸ್ಟೆಬಿಲೈಸರ್ ಬದಲಿಸಿದೆ. ಡಬ್ಬ ಬಿಚ್ಚಿ ಸುನಂದಾಳ ಸೀರೆಯ ಬ್ರಶ್ಶಿನಿಂದ ಧೂಳು ತೆಗೆದೆ. ಮೇಜನ್ನು ಕಿಟಕಿಯಿಂದ ದೂರ ಸರಿಸಿದೆ, ಆಮೇಲೆ ಕಿಟಕಿಯ ಹತ್ತಿರ ಸರಿಸಿದೆ. ಬೇರೆ ಯಾವ ಕಡತ ತೆರೆದರೂ ತೆರೆಯುತ್ತಿತ್ತು. ಚೀಟಿಗಳ ಹತ್ತಿರ ಬಂದರೆ ಮಾತ್ರ ಬಿದ್ದುಹೋಗುತ್ತಿತ್ತು. ಮರುದಿನ ಊಟದ ಬಿಡುವಿನಲ್ಲಿ ವೈಜಿನಾಥಪ್ಪನವರನ್ನು ಕೇಳಿದೆ.

"ಯಾವುದೋ ಒಂದು ಫಾಂಟ್ ಕೆಟ್ಟಿರ್ತದರಿ ಮಾಸ್ತರ್ರಿ," ಎಂದರು. "ಅರ್ಧಾ ತೆಗೀರಿ, ನೋಡ್ರಿ. ಆಗನೂ ಬಿತ್ತಂದ್ರ ಉಳಿದ ಅರ್ಧದಾಗ ಅದ. ಅದರಾಗ ಮತ್ತ ಅರ್ಧಾ ತೆಗೀರಿ. ಹಿಂಗೇ ಮಾಡ್ಕೋತ ಹೋದ್ರ ಕಳ್ಳ ಸಿಗ್ತಾನರಿ."

ವಿಧಾನ ವೈಜ್ಞಾನಿಕವಾಗಿತ್ತು. ಸುನಂದಾ ಹದಿನೇಳು ಹೆಸರಿನ ಪಟ್ಟಿ ಹಿಡಿದು ಪಕ್ಕದಲ್ಲಿ ಕುಳಿತಳು. ಫಾಂಟುಗಳ ಹೆಸರು ಇಂಗ್ಲಿಷಿನಲ್ಲಿ ಉದ್ದುದ್ದ ಇದ್ದುದರಿಂದ ನಾವು ಮನೆಯವರ ಹೆಸರಿನಿಂದಲೇ ಕರೆದೆವು. ಅರ್ಧ ಓಣಿ ತೆಗೆದೆ. ಕಂಪ್ಯೂಟರ್ ಬಿತ್ತು. ಹಾಗಾದರೆ ತಪ್ಪು ಉಳಿದವರಲ್ಲಿತ್ತು. ಅವರಲ್ಲಿ ಅರ್ಧ ಜನರನ್ನು ತೆಗೆದೆ. ಬೀಳಲಿಲ್ಲ. ತೆಗೆದವರಲ್ಲಿ ಇಬ್ಬರನ್ನು ಒಳಗೆ ಕರೆದೆ. ಬಿತ್ತು. ಇಸ್ಮಾಯಿಲ್ ಸಾಬರು ನಿರಪರಾಧಿಯೆಂದು ಬೇಗನೆ ಸಾಬೀತಾಯಿತು. ಸುನಂದಾ ಅವರ ಹೆಸರಿನ ಮುಂದೆ ಗುರುತು ಹಾಕಿ, "ಪಾಪ, ಅವರು ಮೊದಲಿಂದನೂ ಛಲೋ ಮನಷ್ಯಾರು," ಎಂದಳು.

ಕೊನೆಗೆ ಉಳಿದವರು ತುಕಾರಾಮ ಮತ್ತು ಘಾಳೆಪ್ಪ. ತುಕಾರಾಮನನ್ನು ಒಬ್ಬನನ್ನೇ ಬಿಟ್ಟರೆ ಕಂಪ್ಯೂಟರ್ ಆರಾಮಾಗಿ ನಡೆಯಿತು. ಘಾಳೆಪ್ಪನನ್ನು ಒಬ್ಬನನ್ನೇ ಬಿಟ್ಟರೂ ನಡೆಯಿತು. ಇಬ್ಬರನ್ನೂ ಒಟ್ಟಿಗೆ ಬಿಟ್ಟರೆ ಪರದೆ ನೀಲಿಯಾಯಿತು. ಹೊರಗೆ ನೋಡಲು ಬೇರೆ ಬೇರೆಯಾದರೂ ಯಾರೋ ಎರಡೂ ಫಾಂಟುಗಳಿಗೆ ಒಳಗೆ ಒಂದೇ ಹೆಸರು ಕೊಟ್ಟಿದ್ದರಿಂದ ಹೀಗಾಗುತ್ತದೆ, ಇಷ್ಟು ದಿನ ನಡೆದದ್ದೇ ಹೆಚ್ಚು ಎಂದು ವೈಜಿನಾಥಪ್ಪ ಆಮೇಲೆ ವಿವರಿಸಿದರು. ಸುನಂದಾಳಿಗೆ ಆ ವಿವರಣೆ ಬೇಕಾಗಿರಲಿಲ್ಲ. ತುಕಾರಾಮ ಮತ್ತು ಘಾಳೆಪ್ಪ ಒಡಹುಟ್ಟಿದವರು. ಹೊಲದ ಬದುವಿನ ವಿಷಯದಲ್ಲಿ ಮಾತು ಬಿಟ್ಟು ಹನ್ನೆರಡು ವರ್ಷವಾಗಿತ್ತು.

"ನೋಡ್ರಿ, ನಿಮ್ಮ ಮಶಿನ್ನಿಗಿನೂ ಗೊತ್ತದ," ಎಂದಳು.

ನಾನು ವಿಜ್ಞಾನದ ಮಾಸ್ತರ, ಇಂಥದ್ದನ್ನು ನಂಬುವುದಿಲ್ಲ. ಚಿಂತಾಕಿಯಲ್ಲಿ ಮಾತ್ರ ಯಾರಿಗೂ ಹೇಳಲಿಲ್ಲ.

ಅಲ್ಲಿಗೆ ಘಾಳೆಪ್ಪನಿಗೆ ಬೇರೆ ಫಾಂಟು ಕೊಟ್ಟು ಸುಮ್ಮನಿದ್ದಿದ್ದರೆ ಕತೆ ಮುಗಿಯುತ್ತಿತ್ತು. ನನಗೆ ಉಮೇದು ಬಂದಿತ್ತು. ಬೇಡದ ಎಲ್ಲ ಫಾಂಟುಗಳನ್ನೂ ಸ್ವಚ್ಛ ಮಾಡಿಬಿಡೋಣವೆಂದು ಹೊರಟೆ. ಹೆಸರು ಗೊತ್ತಿಲ್ಲದವು, ಲಗ್ನಕ್ಕೆ ಬಾರದವು, ತೀರ ಸಾದಾ ಕಾಣುವವು, ಎಲ್ಲವನ್ನೂ ಅಳಿಸಿದೆ. ಇದನ್ನು ಅಳಿಸಬಹುದೇ ಎಂದು ಕಂಪ್ಯೂಟರ್ ಪ್ರತಿ ಸಲ ಕೇಳಿತು. ಅಳಿಸಬಹುದು ಎಂದು ಪ್ರತಿ ಸಲ ಹೇಳಿದೆ. ಆರಿಸಿ ಹಚ್ಚಿದಾಗ ಪರದೆಯ ಮೇಲೆ ಒಂದೂ ಅಕ್ಷರವಿರಲಿಲ್ಲ, ಬರೀ ಸಣ್ಣ ಸಣ್ಣ ಖಾಲಿ ಚೌಕಗಳಿದ್ದವು. ಸಾಲು ಸಾಲಾಗಿ ಅಚ್ಚುಕಟ್ಟಾಗಿದ್ದವು. ಏನನ್ನು ಒತ್ತಬೇಕೆಂದು ಮಾತ್ರ ಗೊತ್ತಾಗುವಂತಿರಲಿಲ್ಲ. ಎಷ್ಟೋ ಹೊತ್ತು ನೋಡುತ್ತ ಕುಳಿತೆ. ಅಕ್ಕನಿಗೆ ನನ್ನ ಚೀಟಿಗಳು ಹೀಗೇ ಕಾಣುತ್ತಿರಬಹುದೆಂದು ಅನಿಸಿತು.

ವೈಜಿನಾಥಪ್ಪ ಭಾಲ್ಕಿಯಿಂದ ಬಂದು ನೋಡಿದರು. "ಮಾಸ್ತರ್ರಿ, ಕಂಪ್ಯೂಟರಿನ ಸ್ವಂತ ಅಕ್ಷರನೇ ತೆಗದೀರಲ್ರಿ. ಅದು ಈಗ ಏನು ಓದಬೇಕು?" ಎಂದರು. ಎಲ್ಲ ಅಳಿಸಿ ಹೊಸದಾಗಿ ಕೂಡಿಸಿಕೊಟ್ಟರು. ಕೂಡಿಸಿದಾಗ ಉಳಿದದ್ದು ಕನ್ನಡದ ಒಂದೇ ಒಂದು ಫಾಂಟು, ಸರಕಾರಿ ಸುತ್ತೋಲೆಯಲ್ಲಿ ಕಾಣುವಂಥದ್ದು. ಹಳೆಯವುಗಳ ಪ್ರತಿ ಅವರ ಹತ್ತಿರವೂ ಇರಲಿಲ್ಲ. ಹಬ್ಬಕ್ಕೆ ಎರಡು ದಿನವಿತ್ತು. ಹದಿನೇಳು ಹೆಸರನ್ನೂ ಅದೇ ಅಕ್ಷರದಲ್ಲಿ ಅಚ್ಚು ಮಾಡಿದೆ.

ಚಿಂತಾಕಿಯ ಬಸ್ಸಿನಲ್ಲಿ ಆ ಚೀಟಿಗಳ ಲಕೋಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೆ. ಹೊರಗೆ ತೊಗರಿ ಗಿಡಗಳು ಮೊಳಕಾಲಿಗೂ ಬಂದಿರಲಿಲ್ಲ. ಅಕ್ಕ ಇಷ್ಟು ದಿನ ಒಂದು ಮಾತೂ ಬಾರದಂತೆ ಕಾಯ್ದ ಓಣಿಯ ನಂಬಿಕೆ ನನ್ನ ಸ್ವಚ್ಛತೆಯಿಂದ ಹೋಗುತ್ತದೆ ಎಂದು ಖಾತ್ರಿಯಾಗಿತ್ತು. ತುಕಾರಾಮನ ಮನೆಯ ಕೀಲಿಕೈ ಘಾಳೆಪ್ಪನ ಕೈಗೆ ಹೋದರೆ ಏನಾಗುತ್ತದೆ ಎಂದು ಯೋಚಿಸಲೂ ಮನಸ್ಸಾಗಲಿಲ್ಲ. ಮಂದಿಯ ಬಸ್ಸು ಬರುವ ಮೊದಲು ಹೋಗಿ, ಪಕ್ಕದಲ್ಲಿ ನಿಂತು, ನಾನೇ ಓದಿ ಓದಿ ಕೊಡುವುದೆಂದು ನಿಶ್ಚಯಿಸಿದೆ.

ನಾನಿದ್ದ ಬಸ್ಸು ಕೆಟ್ಟು ಸಂತಪುರದಲ್ಲಿ ಒಂದು ತಾಸು ನಿಂತಿತು. ನಾನು ಗಿರಣಿ ಮುಟ್ಟುವಾಗ ಮಂದಿ ಆಗಲೇ ಇಳಿದಿದ್ದರು. ಗಂಟು, ಚೀಲ, ಮಕ್ಕಳು ಕಟ್ಟೆಯ ತುಂಬ ಇದ್ದರು. ಅಕ್ಕ ಮೊಳೆಯ ಮೇಲಿನ ಗೊಂಚಲನ್ನು ಎಡಗೈಯಲ್ಲಿ ಹಿಡಿದು ನಿಂತಿದ್ದಳು. ಹಳೆಯ ಚೀಟಿಗಳು ಅರ್ಧ ಹರಿದು, ಎಣ್ಣೆ ಕುಡಿದು, ಏನೂ ಕಾಣದಂತಾಗಿದ್ದವು. ಅವಳು ಅವುಗಳ ಕಡೆ ನೋಡುತ್ತಲೇ ಇರಲಿಲ್ಲ. ಎದುರಿಗೆ ನಿಂತವರ ಮುಖ ನೋಡುತ್ತಿದ್ದಳು. "ಎಷ್ಟು ಸೊರಗೀದಿ ಅವ್ವಾ, ಅಲ್ಲಿ ನೀರು ಹಿಡೀಲಿಲ್ಲೇನು?" "ಖೂಸಿಗಿ ಹಲ್ಲು ಬಂದಾವ?" "ಇಸ್ಮಾಯಿಲಣ್ಣ, ಕೆಮ್ಮು ಹೋಯ್ತಿಲ್ರಿ?" ಎಂದು ಕೇಳುತ್ತಿರುವಾಗಲೇ ಬಲಗೈಯ ಬೆರಳು ಗೊಂಚಲಿನಲ್ಲಿ ಆಡಿ ಒಂದನ್ನು ಕಳಚಿ ಅವರ ಅಂಗೈಯಲ್ಲಿ ಇಡುತ್ತಿತ್ತು. ಒಬ್ಬರೂ ತಿರುಗಿ ಬರಲಿಲ್ಲ. ಓಣಿಯಲ್ಲಿ ಒಂದೊಂದಾಗಿ ಬಾಗಿಲು ತೆರೆದ ಸಪ್ಪಳ ಕೇಳಿತು. ತುಕಾರಾಮ ಮತ್ತು ಘಾಳೆಪ್ಪ ಒಬ್ಬರ ಹಿಂದೆ ಒಬ್ಬರು ಬಂದು, ಬರೋಬರ್ ತಮ್ಮ ತಮ್ಮ ಕೀಲಿಕೈ ತೆಗೆದುಕೊಂಡು, ಮಾತಿಲ್ಲದೆ ಹೋದರು.

ನಾನು ಲಕೋಟೆ ಹಿಡಿದು ನಿಂತೇ ಇದ್ದೆ.

"ಚೀಟಿ ನೋಡಲೇ ಇಲ್ಲಲ್ಲ ಅಕ್ಕ?"

"ಚೀಟಿ ನೋಡ್ಕೋತ ಕೂತ್ರ ಮಂದಿ ಮಾರಿ ಯಾವಾಗ ನೋಡ್ಲಿ?" ಎಂದಳು. "ಒಬ್ಬರದು ಒಬ್ಬರಿಗಿ ಹೋಗಬಾರ್ದಂತ ದಿನಾ ಒಂದೊಂದೂ ಕೈಯಾಗ ಹಿಡಿದು ಒರಸ್ತೇನಿ. ಇಷ್ಟು ದಿನದಾಗ ಗುರ್ತು ಆಗಂಗಿಲ್ಲೇನು?"

"ಮತ್ತ ತಿಂಗಳಾ ತಿಂಗಳಾ ಹೊಸಾ ಚೀಟಿ ಯಾಕ ಕೇಳ್ದಿ?"

ಅಕ್ಕ ಗಿರಣಿಯ ಪಟ್ಟಾ ಸರಿಮಾಡುವ ನೆಪದಲ್ಲಿ ಆ ಕಡೆ ತಿರುಗಿದಳು. "ಮೊದಲೆಲ್ಲ ವರ್ಷಕ್ಕ ಎರಡು ಸಲ ಬರ್ತಿದ್ದಿ. ಓಣಿ ಎಲ್ಲ ಖಾಲಿ ಇತ್ತು, ಮಾತಾಡ್ಲಿಕ್ಕ ಯಾರೂ ಇದ್ದಿಲ್ಲ," ಎಂದಳು.

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ನಾಚಿಕೆಯಾಯಿತು, ಅದರ ಹಿಂದೆಯೇ ಅಳು ಬಂತು. ಹಿಟ್ಟು ಹಾರುವ ಜಾಗವಾದ್ದರಿಂದ ಕಣ್ಣೊರೆಸಿಕೊಂಡದ್ದನ್ನು ಯಾರೂ ಗಮನಿಸಲಿಲ್ಲ. ಅಕ್ಕ ಲಕೋಟೆ ತೆಗೆದುಕೊಂಡು, "ತಂದೀದಿ, ಇರ್ಲಿ, ಹಬ್ಬ ಆದಮ್ಯಾಲ ಕಟ್ಟೋಣು," ಎಂದಳು. ಹಬ್ಬ ಮುಗಿದು ಮಂದಿ ಮರಳಿ ಹೊರಟಾಗ ಹದಿನೇಳಕ್ಕೂ ಸುತ್ತೋಲೆಯ ಅಕ್ಷರದ ಚೀಟಿ ಕಟ್ಟಿದೆವು.

ಆ ಬೇಸಿಗೆಯಲ್ಲಿ ಗಿರಣಿ ನಿಂತಿತು. ಬೀಸಲು ಕಾಳೂ ಇರಲಿಲ್ಲ, ಕಾಳು ತರುವವರೂ ಇರಲಿಲ್ಲ. ಭಾವನಿಗೆ ಹೈದರಾಬಾದಿನ ಮಸಾಲೆ ಗಿರಣಿಯೊಂದರಲ್ಲಿ ಕೆಲಸ ಸಿಕ್ಕಿತು. ಹೋಗುವ ದಿನ ಇಬ್ಬರೂ ಬೀದರಕ್ಕೆ ಬಂದು ನಮ್ಮ ಮನೆಯಲ್ಲಿ ಉಂಡರು. ಅಕ್ಕ ಕೀಲಿಕೈಗಳ ಗೊಂಚಲನ್ನು ನನ್ನ ಕೈಗೆ ಕೊಟ್ಟಳು.

"ಊರಿಗಿ ಬರೋರೆಲ್ಲ ಬೀದರ ಮ್ಯಾಲೇ ಬರ್ತಾರ. ನಿನ್ನ ಹತ್ರ ಇಸ್ಕೋರಿ ಅಂತ ಹೇಳೀನಿ. ನಿನಗ ಓದ್ಲಿಕ್ಕ ಬರ್ತದ, ಚೀಟಿ ನೋಡಿ ಕೊಡು."

ಆಮೇಲೆ ಸೀರೆಯ ಅಂಚಿನ ಗಂಟು ಬಿಚ್ಚಿ ಇನ್ನೊಂದನ್ನು ಕೊಟ್ಟಳು. ಅದಕ್ಕೆ ಚೀಟಿ ಇರಲಿಲ್ಲ.

"ಇದಕ್ಕ ಒಂದು ಚೀಟಿ ಹಚ್ಚಲೇನು?" ಎಂದೆ.

"ನಮ್ಮ ಮನಿ ಚಾವಿ. ಇದರ ಗುರ್ತು ನಿನಗಿಲ್ಲೇನು?"

"ಅದ," ಎಂದೆ. ಇರಲಿಲ್ಲ.

ಅದನ್ನು ಗೊಂಚಲಿನಲ್ಲಿ ಸೇರಿಸಬಾರದೆಂದು ಬಹಳ ಯೋಚಿಸಿ ಭದ್ರವಾದ ಒಂದು ಜಾಗದಲ್ಲಿಟ್ಟೆ. ಎಲ್ಲಿ ಎನ್ನುವುದನ್ನು ಸ್ವಲ್ಪ ದಿನಕ್ಕೆ ಮರೆತೆ. ಭದ್ರವೆಂದರೆ ಡ್ರಾಯರೇ ಇರಬೇಕೆಂದು ಅಂದುಕೊಂಡೆ. ಉಳಿದ ಹದಿನೇಳನ್ನು ಮಾತ್ರ ಒಂದೂ ತಪ್ಪದಂತೆ ಕೊಟ್ಟೆ. ಮಳೆ ಬಂದ ಸುದ್ದಿ ಕೇಳಿ ಒಬ್ಬೊಬ್ಬರಾಗಿ ಬಾಗಿಲಿಗೆ ಬರುತ್ತಿದ್ದರು, ನಾನು ಕನ್ನಡಕ ಹಾಕಿಕೊಂಡು ಚೀಟಿ ಓದಿ ಕೊಡುತ್ತಿದ್ದೆ. ಅಕ್ಕನಿಗೆಂದು ಮಾಡಿದ ಆ ಚೀಟಿಗಳಿಂದ ಉಪಯೋಗವಾದದ್ದು ನನಗೊಬ್ಬನಿಗೇ.

ಹೀಗೆ ಗುರುವಾರ ಬಂತು. ನಾನು ಸ್ಕೂಟರ್ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಊರ ಕಡೆ ಹೋಗುವ ಔರಾದ ಬಸ್ಸಿಗೆ ಇನ್ನೂ ಎರಡು ತಾಸಿತ್ತು. ಭಾವ ಸಾಮಾನು ಕಾಯುತ್ತ ಅಲ್ಲೇ ಕೂತರು, ಅಕ್ಕ ನನ್ನ ಹಿಂದೆ ಕೂತು ಮನೆಗೆ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಈ ಸಲ ಅದು ಹಿಟ್ಟಲ್ಲ. ದಾರಿಯುದ್ದಕ್ಕೂ ಏನೋ ಹೇಳುತ್ತಿದ್ದಳು, ನನಗೆ ಅರ್ಧವೂ ಕೇಳಿಸಲಿಲ್ಲ. ಮೂರು ಕೀಲಿಕೈಗಳ ಚಿಂತೆಯಲ್ಲಿದ್ದೆ.

ಚಹಾ ಆದ ಮೇಲೆ ಮೂರನ್ನೂ ತಟ್ಟೆಯಲ್ಲಿಟ್ಟು ಅವಳ ಮುಂದೆ ಸರಿಸಿದೆ.

"ಇವೇನು?" ಎಂದಳು. ಒಂದೊಂದನ್ನೇ ಬೆರಳಿನಲ್ಲಿ ಹಿಡಿದು ನೋಡಿದಳು. "ಇದು ಸೈಕಲ್ಲಿಂದು. ಇದು ಪೇಟಿದು, ನಿಮ್ಮ ಲಗ್ನದಾಗ ಕೊಟ್ಟಿದ್ದು. ಇದು ಮೇಜಿಂದು ಇರ್ಬೇಕು, ಹಗುರದ."

ಸುನಂದಾ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಮತ್ತ ನಿಮ್ಮ ಮನಿದು?" ಎಂದೆ.

"ನಮ್ಮದು ನಿನ್ನ ಗಾಡಿ ಚಾವಿ ಜೋಡಿನೇ ಅದ ನೋಡು," ಎಂದಳು ಅಕ್ಕ. "ಬಸ್ ಸ್ಟ್ಯಾಂಡಿಂದ ಇಲ್ಲಿತನಕ ಬಡ್ಕೋತ ಬಂತು. ಕೇಳ್ಕೋತನೇ ಬಂದೀನಿ."

ಅವಳು ಹೋದ ದಿನ ಮೇಜಿನ ಕೀಲಿಕೈಯನ್ನು ಉಂಗುರದಿಂದ ಕಳಚಿ ಡ್ರಾಯರಿಗೆ ಹಾಕಿ, ಆ ಜಾಗದಲ್ಲಿ ಇವಳದನ್ನು ಸೇರಿಸಿದ್ದು ಆಗ ನೆನಪಾಯಿತು. ಮೂರು ವರ್ಷ ದಿನವೂ ಅದನ್ನು ಹೊತ್ತುಕೊಂಡೇ ತಿರುಗಿದ್ದೆ. ಎದ್ದುಹೋಗಿ ತಂದುಕೊಟ್ಟೆ. ಅಕ್ಕ ಉಂಗುರದಿಂದ ಅದನ್ನು ಒಂದೇ ಸಲಕ್ಕೆ ಕಳಚಿ, ಸೀರೆಯ ಅಂಚಿಗೆ ಒರೆಸಿ, ಗಂಟು ಹಾಕಿಕೊಂಡಳು.

"ನಿಮ್ಮ ಭಾವ ಬಸ್ಸಿನಾಗ ಒಂದೇ ಸವನ, ಅವ ಎಲ್ಲಿ ಇಟ್ಟಾನೋ ಏನು ಕಥಿಯೋ ಅನ್ಲತ್ತಿದ್ರು," ಎಂದಳು. "ಈಗ ಹೋಗಿ ಹೇಳ್ತೇನಿ, ನಮ್ಮ ತಮ್ಮ ಮೂರು ವರ್ಷ ಚಾವಿ ಮೈಯಿಂದ ದೂರ ಮಾಡಿಲ್ಲ ಅಂತ. ಹೌದಿಲ್ಲೋ?"

"ಹೌದಕ್ಕ," ಎಂದೆ.

ಸುನಂದಾ ನನ್ನನ್ನು ಒಮ್ಮೆ ನೋಡಿ, ಮೂರು ಕೀಲಿಕೈಗಳಿದ್ದ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು.